ಹದಿಮೂರನೆಯ ಸೂಜಿ

ಕೌದಿಗೆ ಕಚ್ಚಾ ಹೊಲಿಗೆಯನ್ನು ನಡುವಿನಿಂದ ಶುರುಮಾಡಬೇಕೋ ಅಂಚಿನಿಂದಲೋ ಎಂಬುದು ಸಣ್ಣ ಪ್ರಶ್ನೆಯಲ್ಲ. ರಾಜ್ಯಗಳು ಇದಕ್ಕಿಂತ ಹಗುರವಾದ ಕಾರಣಗಳಿಗೆ ಒಡೆದಿವೆ. ಎರಡನೇ ಮಹಡಿಯ ಆ ಮನೆಯ ಮಟ್ಟಿಗೆ ಹೇಳುವುದಾದರೆ, ಈ ಪ್ರಶ್ನೆ ಹನ್ನೊಂದು ವರ್ಷಗಳಿಂದ ಇತ್ಯರ್ಥವಾಗದೆ ಉಳಿದಿತ್ತು, ಮತ್ತು ಅಷ್ಟು ವರ್ಷವೂ ಅಕ್ಕತಂಗಿಯರು ಒಬ್ಬರೊಡನೊಬ್ಬರು ನೇರವಾಗಿ ಮಾತಾಡಿರಲಿಲ್ಲ.

ಗೊತ್ತಿಲ್ಲದವರಿಗಾಗಿ: ಕೌದಿಗೆ ಮೂರು ಪದರ. ಅಡಿಯಲ್ಲಿ ಒಗೆದೊಗೆದು ಮೆತ್ತಗಾದ ಹಳೆಯ ಬಟ್ಟೆ, ನಡುವೆ ತೆಳ್ಳನೆಯ ಹತ್ತಿ, ಮೇಲೆ ತುಂಡು ಜೋಡಿಸಿದ ಬಟ್ಟೆ. ಒಂದೇ ಮನೆಯವರ ಹಾಗೆ ಒಂದರ ಮೇಲೊಂದು ಬಿದ್ದುಕೊಂಡಿದ್ದರೂ ಒಂದರ ಗುರುತು ಇನ್ನೊಂದಕ್ಕಿಲ್ಲ; ಮುಟ್ಟಿದರೆ ಜಾರುತ್ತವೆ. ಅದಕ್ಕೇ ನಿಜವಾದ ಹೊಲಿಗೆಗೆ ಮೊದಲು ಹೆಬ್ಬೆರಳಷ್ಟುದ್ದದ ಹೊಲಿಗೆಗಳನ್ನು ಹಾಕಿ ಮೂರನ್ನೂ ಹಿಡಿದಿಡಬೇಕು. ಗಂಟು ಹಾಕುವಂತಿಲ್ಲ. ಕೌದಿ ಮುಗಿದ ಮೇಲೆ ಆ ದಾರವನ್ನು ಎಳೆದು ಬಿಸಾಡುತ್ತಾರೆ. ಚೆನ್ನಾಗಿ ಮಾಡಿದ್ದರೆ ಅದು ಅಲ್ಲಿತ್ತೆಂದು ಯಾರಿಗೂ ಗೊತ್ತಾಗುವುದಿಲ್ಲ. ಕೆಟ್ಟದಾಗಿ ಮಾಡಿದ್ದರೆ ಕೌದಿ ಇರುವಷ್ಟು ಕಾಲವೂ ಗೊತ್ತಾಗುತ್ತಿರುತ್ತದೆ.

ಚಿಕ್ಕವಳು ಹೊಸ ಸಂಸಾರಕ್ಕೆಂದು ಹೊಲಿದ ಮೊದಲ ಕೌದಿ ಮೊದಲ ಒಗೆತಕ್ಕೇ ಸುಕ್ಕುಗಟ್ಟಿತು. ಅದನ್ನು ಬಾಲ್ಕನಿಯಲ್ಲಿ ಒಣಗಲು ಹಾಕಿದ್ದಾಗ ದೊಡ್ಡವಳು ನಾಲ್ಕು ಜನರ ಎದುರಿಗೆ, "ಅತ್ತೆ ಮನೇಲಿ ಕಲಿತು ಅಂಚಿಂದ ಹೊಲಿದ್ರೆ ಇನ್ನೇನಾಗತ್ತೆ? ಅಮ್ಮ ಯಾವತ್ತೂ ನಡುವಿಂದ," ಎಂದಳು. ಚಿಕ್ಕವಳು, "ಅಮ್ಮನ ಗುತ್ತಿಗೆ ನಿನಗೆ ಯಾರು ಕೊಟ್ರು?" ಎಂದಳು. ಅವರ ನಡುವೆ ನಡೆದ ಕೊನೆಯ ನೇರ ಮಾತು ಅದು. ಆಮೇಲೆ ಎಲ್ಲವೂ ಮೂರನೆಯವರ ಮೂಲಕ. ಆ ಮೂರನೆಯವರು ಸಾಮಾನ್ಯವಾಗಿ ದೊಡ್ಡವಳ ಗಂಡ, ತೂಕ ಮತ್ತು ಅಳತೆ ಇಲಾಖೆಯಿಂದ ನಿವೃತ್ತರಾದ ಇನ್ಸ್‌ಪೆಕ್ಟರು. ತಕ್ಕಡಿಯ ಎರಡು ತಟ್ಟೆಯೂ ಒಂದೇ ಮಟ್ಟಕ್ಕೆ ಬಂದರೆ ಲೋಕದ ಸಮಸ್ಯೆಯೆಲ್ಲ ಮುಗಿಯಿತೆಂದು ನಂಬಿದ್ದ ಒಳ್ಳೆಯ ಮನುಷ್ಯ.

ಅಮ್ಮ ಚಿಕ್ಕವಳ ಮನೆಯಲ್ಲಿದ್ದಳು. ಮೂವತ್ತು ವರ್ಷ ಒಂದು ಕೋಟಿನ ಅಂಗಡಿಯಲ್ಲಿ ಲೈನಿಂಗ್ ಹೊಲಿದವಳು. ಬೀದಿಯವರೆಲ್ಲ ಅವಳನ್ನು ಲೈನಿಂಗಮ್ಮ ಎಂದೇ ಕರೆಯುತ್ತಿದ್ದರು. ಊರಿನ ಅರ್ಧ ಗಂಡಸರ ಎದೆ ತನ್ನ ಕೈ ದಾಟಿಯೇ ಹೋಗಿದೆ ಎಂದು ಅವಳು ಹೇಳಿಕೊಳ್ಳುತ್ತಿದ್ದಳು, ಅದೂ ಅಳಿಯಂದಿರ ಎದುರಿಗೆ. ಕತ್ತರಿಸಿ ಉಳಿದ ಲೈನಿಂಗ್ ತುಂಡುಗಳನ್ನು ಅವಳು ಮನೆಗೆ ತರುತ್ತಿದ್ದಳು. ಬೂದಿ ಬಣ್ಣ, ಕಡುಗೆಂಪು, ಗಾಜಿನ ಬಾಟಲಿಯ ಹಸಿರು. ಅವನ್ನೆಲ್ಲ ಜೋಡಿಸಿ ಒಂದು ಕೌದಿಯ ಮೇಲ್ಪದರ ಮಾಡಿ ಪೆಟ್ಟಿಗೆಯಲ್ಲಿಟ್ಟು ಹದಿನಾರು ವರ್ಷವಾಗಿತ್ತು. ಒಳಗೆ ಹತ್ತಿಯಿಟ್ಟು ಹೊಲಿಯುವುದು ಬಾಕಿ. "ಪುರುಸೊತ್ತಾದಾಗ," ಎನ್ನುತ್ತಿದ್ದಳು.

ಪುರುಸೊತ್ತು ಈಗ ಆಗಿತ್ತು. ಕಾಯಿಲೆ ಮೂಳೆಗಿಳಿದಿತ್ತು. ಹೊರಕೋಣೆಯಲ್ಲಿ ಬಾಡಿಗೆಗೆ ತಂದ ಆಸ್ಪತ್ರೆ ಮಂಚ, ಅದರ ಮೇಲೆ ಅಮ್ಮ, ಅವಳ ಮೇಲೆ ಒಂದು ದಪ್ಪ ಕಂಬಳಿ.

"ಇದನ್ನ ತೆಗಿಯೇ," ಎಂದು ಅವಳು ಚಿಕ್ಕವಳಿಗೆ ದಿನಕ್ಕೆ ಹತ್ತು ಸಲ ಹೇಳುತ್ತಿದ್ದಳು. "ಎಮ್ಮೆ ಬಂದು ಮೈಮೇಲೆ ಮಲಗಿದ ಹಾಗಿದೆ."

"ತೆಗೆದ್ರೆ ಚಳಿ ಅಂತೀಯ."

"ಚಳಿನೂ ಹೌದು, ಎಮ್ಮೆನೂ ಹೌದು. ನನ್ನ ಕೌದಿ ಹೊಲಿದು ಕೊಡ್ರೇ. ಹೂವಿನ ಹಾಗಿರತ್ತೆ. ಒಂದು ದಿನಾನಾದ್ರೂ ಹೊದ್ಕೊಂಡು ಹೋಗ್ತೀನಿ."

ವಾರಕ್ಕೆ ಮೂರು ದಿನ ಬರುತ್ತಿದ್ದ ನರ್ಸಮ್ಮ ಶನಿವಾರ ಇಂಜೆಕ್ಷನ್ ಕೊಟ್ಟು, ಅಡುಗೆಮನೆಗೆ ಬಂದು ಕೈ ತೊಳೆಯುತ್ತ, "ಬರೋ ವಾರ ದಾಟಿದ್ರೆ ಹೆಚ್ಚು," ಎಂದಳು. "ಮೈ ನೋಡಿದ್ರಲ್ಲ, ಕಾಗದ ಆಗಿದೆ. ಬಳೆ ತಗುಲಿದ್ರೂ ರಕ್ತ ಬರತ್ತೆ. ಹುಷಾರು." ಚಿಕ್ಕವಳು ತನ್ನ ಬಳೆ ಬಿಚ್ಚಿಟ್ಟು, ಭಾವನಿಗೆ ಫೋನ್ ಮಾಡಿದಳು.

ಭಾನುವಾರ ಬೆಳಿಗ್ಗೆ ದೊಡ್ಡವಳು ಗಂಡನೊಂದಿಗೆ ಎರಡು ಬಸ್ಸು ಬದಲಿಸಿ ಬಂದಳು. ಅವಳು ಶಾಲೆಯಲ್ಲಿ ಲೆಕ್ಕದ ಟೀಚರು. ಬ್ಯಾಗಿನಲ್ಲಿ ದಾರದುಂಡೆ, ಕತ್ತರಿ, ತಗಡಿನ ಡಬ್ಬಿಯಲ್ಲಿ ಆರು ಸೂಜಿ. ಚಿಕ್ಕವಳು ಪರದೆ ಅಂಗಡಿಯಲ್ಲಿ ಕೆಲಸ ಮಾಡುವವಳು. ಅವಳ ಸೂಜಿಗಳೂ ಅದೇ ಕಂಪನಿಯವು, ಅದೇ ನಂಬರಿನವು, ಒಂದು ಮುಲಾಮಿನ ಡಬ್ಬಿಯಲ್ಲಿ.

ಮನೆಯಲ್ಲಿ ಕೌದಿ ಹಾಸುವಷ್ಟು ಜಾಗವಿದ್ದದ್ದು ಹೊರಕೋಣೆಯಲ್ಲಿ ಮಾತ್ರ. ಕುರ್ಚಿಗಳು ಅಡುಗೆಮನೆಗೆ ಹೋದವು, ಟೀವಿ ಬಚ್ಚಲಿನ ಬಾಗಿಲಿಗೆ ಹೋಯಿತು, ಅಮ್ಮನ ಮಂಚ ಗೋಡೆಗೆ ಹೋಯಿತು. ಅಲ್ಲಿಂದ ಅವಳಿಗೆ ನೆಲವೆಲ್ಲ ಕಾಣುತ್ತಿತ್ತು. ಅಡಿಬಟ್ಟೆಯನ್ನು ಎಳೆದು ನಾಲ್ಕೂ ಕಡೆ ಟೇಪು ಅಂಟಿಸಿದರು. ಹತ್ತಿ ಹಾಸಿದರು. ಅದರ ಮೇಲೆ ಲೈನಿಂಗಿನ ಮೇಲ್ಪದರ ಬಿಡಿಸಿದಾಗ ಅದು ನೀರಿನ ಹಾಗೆ ಜಾರಿ ಒಂದು ಮೂಲೆಗೆ ಹೋಗಿ ನಿಂತಿತು. ಲೈನಿಂಗಿನ ಗುಣವೇ ಅದು. ಕೋಟಿನೊಳಗೆ ತೋಳು ಸಲೀಸಾಗಿ ಜಾರಲೆಂದು ಮಾಡಿದ ಬಟ್ಟೆ, ಎಲ್ಲಿಯೂ ನಿಲ್ಲುವುದಕ್ಕಲ್ಲ.

"ರೀ," ಎಂದಳು ದೊಡ್ಡವಳು. "ನಡುವಿಂದ ಶುರು ಮಾಡ್ತೀವಿ ಅಂತ ಹೇಳಿ ಅವಳಿಗೆ."

ಚಿಕ್ಕವಳು ಮೂರಡಿ ದೂರದಲ್ಲಿ ಮಂಡಿಯೂರಿ ಕೂತಿದ್ದಳು. "ಭಾವ, ಇಂಥ ಜಾರೋ ಬಟ್ಟೆಗೆ ಮೊದಲು ಅಂಚು ಹಿಡೀಬೇಕು ಅಂತ ಹೇಳಿ. ನಾನು ದಿನಾ ಪರದೆ ಹೊಲಿಯೋಳು."

"ಇದು ಪರದೆ ಅಲ್ಲ ಅಂತ ಹೇಳ್ರಿ."

"ಇದು ಪಾಠ ಅಲ್ಲ ಅಂತ ಹೇಳಿ ಭಾವ."

ಇನ್ಸ್‌ಪೆಕ್ಟರು ಎರಡೂ ಕಡೆ ನೋಡಿದರು. ಅಮ್ಮನನ್ನು ಕೇಳೋಣವೆಂದರೆ ಅವಳು ಕಣ್ಣು ಮುಚ್ಚಿದ್ದಳು. ಕೊನೆಗೆ ಅವರು ನ್ಯಾಯ ಹೇಳಿದರು. "ನೋಡಿ, ಎರಡೂ ಸರಿ. ನೀನು ನಡುವಿಂದ ಹೊರಗೆ ಬಾ. ನೀನು ಅಂಚಿಂದ ಒಳಗೆ ಹೋಗು. ಅರ್ಧ ಕೆಲಸ ನಿಂದು, ಅರ್ಧ ನಿಂದು. ಸಮಯಾನೂ ಅರ್ಧ."

ಬಟ್ಟೆಯ ಕಸುಬು ಗೊತ್ತಿರುವ ಯಾರಿಗಾದರೂ ಇದನ್ನು ಕೇಳಿದೊಡನೆ ಎದೆ ಧಸಕ್ಕೆನ್ನಬೇಕು. ನಡುವಿನಿಂದ ಹೊರಟವಳು ಮಿಕ್ಕ ಬಟ್ಟೆಯನ್ನು ಹೊರಕ್ಕೆ ತಳ್ಳುತ್ತ ಬರುತ್ತಾಳೆ. ಅಂಚಿನಿಂದ ಹೊರಟವಳು ಒಳಕ್ಕೆ ತಳ್ಳುತ್ತ ಹೋಗುತ್ತಾಳೆ. ಇಬ್ಬರಿಗೂ ಇದು ಗೊತ್ತಿತ್ತು. ಆದರೆ ಬೇಡವೆನ್ನಬೇಕಾದರೆ ಒಬ್ಬಳು ಇನ್ನೊಬ್ಬಳ ದಾರಿ ಒಪ್ಪಬೇಕಿತ್ತು. ಅದರ ಬದಲು ಇಬ್ಬರೂ ಸೂಜಿಗೆ ದಾರ ಪೋಣಿಸಿದರು.

ಮಧ್ಯಾಹ್ನದ ಹೊತ್ತಿಗೆ ಇಬ್ಬರ ನಡುವೆ ಮಿಕ್ಕ ಬಟ್ಟೆ ಏಳತೊಡಗಿತು. ಮೊದಲು ಬೆರಳಿನಷ್ಟು, ಆಮೇಲೆ ಬೆಕ್ಕು ಮಲಗಿದಷ್ಟು. ಇಬ್ಬರೂ ಅದನ್ನು ಕಂಡರೂ ಕಾಣದ ಹಾಗೆ ಹೊಲಿದರು. ಕೊನೆಗೆ ಎದುರೆದುರು ಬಂದು, ಆ ಉಬ್ಬು ಇಬ್ಬರ ಮಂಡಿಗೂ ತಾಗಿದಾಗ ದೊಡ್ಡವಳು ತಲೆಯೆತ್ತಿದಳು.

"ನಿನ್ನ ಕಡೆಗೆ ಎಳ್ಕೋ," ಎಂದಳು. 'ರೀ' ಇಲ್ಲ, 'ಹೇಳಿ' ಇಲ್ಲ.

"ನಾನ್ಯಾಕೆ ಎಳ್ಕೊಳ್ಳಲಿ? ನೀನು ತಳ್ಳಿದ್ದು."

"ನಿನ್ನ ಅಂಚು ಬಿಗಿಯಾಗಿದೆ ಕಣೆ, ಎಲ್ಲಿಗೆ ಹೋಗತ್ತೆ ಬಟ್ಟೆ?"

"ಬಿಗಿ ಇಲ್ದೆ ನಿನ್ನ ಹಾಗೆ ಬಿಡ್ಲಾ? ಎಂಟು ತಿಂಗಳಾಯ್ತು ಅಮ್ಮ ಮಲಗಿ. ಭಾನುವಾರ ಭಾನುವಾರ ಬಂದು ಮಂಚದ ಹತ್ರ ಕೂತು ಬಾಳೆಹಣ್ಣು ಬಿಡಿಸಿ ಹೋಗ್ತೀಯಲ್ಲ, ಅವಳ ಬೆಡ್‌ಶೀಟು ಯಾರು ಒಗೀತಾರೆ ಗೊತ್ತಾ?"

"ನನ್ನ ಮನೆಗೆ ಕರ್ಕೊಂಡು ಹೋಗ್ತೀನಿ ಅಂದಾಗ ಕಳಿಸ್ದ್ಯಾ?"

"ನನ್ನ ಕೇಳ್ಲಿಲ್ಲ ನೀನು. ಭಾವನ ಕೈಲಿ ಹೇಳಿ ಕಳಿಸ್ದೆ."

ಹನ್ನೊಂದು ವರ್ಷದ ಬಾಕಿಯೆಲ್ಲ ಅರ್ಧ ಗಂಟೆಯಲ್ಲಿ ಹೊರಬಿತ್ತು. ಇನ್ಸ್‌ಪೆಕ್ಟರು ಕುರ್ಚಿಗಳ ಜೊತೆ ಅಡುಗೆಮನೆಯಲ್ಲಿದ್ದರು. ದಣಿದು ಇಬ್ಬರೂ ಮಂಚದ ಕಡೆ ತಿರುಗಿದಾಗ ಅಮ್ಮ ಕಣ್ಣು ತೆರೆದೇ ಇದ್ದಳು. ಎಷ್ಟು ಹೊತ್ತಿನಿಂದಲೋ.

"ನೋಡ್ತಾ ಇದ್ಯಾ?" ಎಂದಳು ದೊಡ್ಡವಳು. "ಬೆಳಿಗ್ಗೆಯಿಂದ? ಉಬ್ಬತ್ತೆ ಅಂತ ಗೊತ್ತಿದ್ದೂ ಹೇಳ್ಲಿಲ್ವಲ್ಲಮ್ಮ!"

"ಹೇಳಿದ್ರೆ ಮತ್ತೆ ಬಾಯಿ ಹೊಲ್ಕೊಂಡು ಕೂತ್ಕೊಳ್ತಿದ್ರಿ."

"ಈಗ ಎಲ್ಲ ಬಿಚ್ಚಬೇಕು. ಅದಕ್ಕೇ ಎರಡು ದಿನ ಹೋಗತ್ತೆ."

"ಹೋಗ್ಲಿ. ಎಲ್ಲಿಗೆ ಹೋಗತ್ತೆ?" ಎಂದಳು ಅಮ್ಮ. ಎಲ್ಲಿಗೆ ಹೋಗುತ್ತದೆಂದು ಕೋಣೆಯಲ್ಲಿದ್ದವರಿಗೆಲ್ಲ ಗೊತ್ತಿತ್ತು.

ಚಿಕ್ಕವಳು ಮಂಚದ ಹತ್ತಿರ ಬಂದು, "ಅಮ್ಮ, ಒಂದ್ಸಲ ಹೇಳಿಬಿಡು. ನೀನು ನಡುವಿಂದ ಹೊಲೀತಿದ್ಯಾ, ಅಂಚಿಂದಾನಾ?" ಎಂದಳು.

ಅಮ್ಮ ಯೋಚಿಸಿದಳು. ಇಂಜೆಕ್ಷನ್ನಿನ ಮಬ್ಬಿನಲ್ಲಿ ಅದಕ್ಕೆ ಸಮಯ ಹಿಡಿಯಿತು. "ಅಂಗಡೀಲಿ ಒಂದೇ ಕಿಟಕಿ ಇತ್ತು. ಬೆಳಕು ಎಲ್ಲಿ ಬೀಳ್ತಿತ್ತೋ ಅಲ್ಲಿಂದ ಶುರು ಮಾಡ್ತಿದ್ದೆ. ಕೈ ನಿಲ್ಲಬಾರದು, ಅಷ್ಟೆ."

ದೊಡ್ಡವಳು ದಾರ ಬಿಚ್ಚಲು ಕೂತಳು.

ಸೋಮವಾರ ರಜೆ ಹಾಕಿದಳು, ಮಂಗಳವಾರವೂ ಹಾಕಿದಳು. ಚಿಕ್ಕವಳು ಅತ್ತೆ ಮನೆಯ ಅಭ್ಯಾಸದಂತೆ ಪ್ರತಿ ದಾರದ ತುದಿಗೂ ಗಂಟು ಹಾಕಿದ್ದಳು. ಎಳೆದರೆ ಬರಲಿಲ್ಲ, ಜೋರಾಗಿ ಎಳೆದರೆ ಹಳೆಯ ಲೈನಿಂಗ್ ಹರಿಯಿತು. ಒಂದೊಂದು ಗಂಟನ್ನೂ ಕತ್ತರಿಯ ಮೂತಿಯಿಂದ ಕಿತ್ತರು. ನೆಲವೆಲ್ಲ ಬಟ್ಟೆಯಾದ್ದರಿಂದ ದಾರ ಪೋಣಿಸಿದ ಸೂಜಿಗಳ ಡಬ್ಬಿಗಳಿಗೆ ಜಾಗ ಸಿಕ್ಕಿದ್ದು ಅಮ್ಮನ ಮಂಚದ ಅಂಚಿನ ಮೇಲೆ. ಮೊದಲು ಎರಡು ಡಬ್ಬಿಗಳಿದ್ದವು, ಮಂಗಳವಾರದ ಹೊತ್ತಿಗೆ ಎರಡರ ಸೂಜಿಗಳೂ ಬೆರೆತು ಒಂದರಲ್ಲಿದ್ದವು. ಬಿಚ್ಚುವಾಗ ಅವರು ಮಾತಾಡುತ್ತಿದ್ದರು. ಅಂಗಡಿಯ ಮಾಲೀಕನನ್ನು ಅಣಕಿಸಿದರು. ಅಪ್ಪ ಸತ್ತ ವರ್ಷ ಅಮ್ಮ ಇಬ್ಬರಿಗೂ ಒಂದೇ ಲೈನಿಂಗ್ ಬಟ್ಟೆಯಲ್ಲಿ ಲಂಗ ಹೊಲಿದದ್ದು, ಕೂತರೆ ಬೆಂಚಿನಿಂದ ಜಾರಿ ಬೀಳುತ್ತಿದ್ದದ್ದು ನೆನೆಸಿಕೊಂಡು ದೊಡ್ಡವಳು ನಕ್ಕಳು. ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು, ಅಮ್ಮ ನಿದ್ದೆಯಲ್ಲಿದ್ದಾಳೆಂದು.

ಅಮ್ಮ ಪೂರ್ತಿ ನಿದ್ದೆಯಲ್ಲಿರಲಿಲ್ಲ. ಅವಳ ಬಲಗೈ ಕಂಬಳಿಯ ಕೆಳಗೆ, ಗೋಡೆಯ ಬದಿಯಲ್ಲಿ, ಮೆಲ್ಲನೆ ಆಡುತ್ತಿತ್ತು.

ಮಂಗಳವಾರ ಬಂದ ನರ್ಸಮ್ಮ ಅದನ್ನು ನೋಡಿ ದೊಡ್ಡವಳನ್ನು ಬಾಗಿಲಾಚೆ ಕರೆದಳು. "ಕೈ ನೋಡಿದ್ರಾ? ಹೊದಿಕೆ ಕೀಳ್ತಾ ಇದಾರೆ. ಕೊನೆ ಹತ್ರ ಬಂದಾಗ ಹೀಗೆ ಮಾಡ್ತಾರೆ. ಇನ್ನು ಬೆಡ್‌ಶೀಟು ಅದು ಇದು ಬದಲಾಯಿಸೋಕೆ ಹೋಗ್ಬೇಡಿ. ಮಲಗಿದ ಹಾಗೇ ಇರ್ಲಿ."

ಬುಧವಾರ ಇಬ್ಬರೂ ಒಂದೇ ಕಡೆಯಿಂದ, ಕಿಟಕಿಯ ಬಳಿಯಿಂದ ಶುರುಮಾಡಿದರು. ಒಬ್ಬಳು ಅಂಗೈಯಿಂದ ಬಟ್ಟೆಯನ್ನು ಸವರಿ ಹಿಡಿದಳು, ಇನ್ನೊಬ್ಬಳು ಹೊಲಿದಳು. ದಾರ ಮುಗಿದಾಗ ಅದಲು ಬದಲಾದರು. ಉಬ್ಬು ಏಳಲಿಲ್ಲ. ಸಂಜೆ ದೀಪ ಹಾಕುವ ಹೊತ್ತಿಗೆ ಕೌದಿ ಒಂದಾಗಿತ್ತು. ಬೂದಿ, ಕೆಂಪು, ಹಸಿರಿನ ಮೇಲೆ ಬಿಳಿ ದಾರದ ಉದ್ದುದ್ದ ಸಾಲು. ನಿಜವಾದ ಹೊಲಿಗೆಗೆ ಇನ್ನೂ ಹತ್ತು ದಿನ ಬೇಕಿತ್ತು. ಅಮ್ಮ ಕಣ್ಣು ಬಿಟ್ಟು ನೋಡಿದಳು.

"ಇಷ್ಟೇ ಸಾಕು," ಎಂದಳು. ಮಾತು ಉಸಿರಿಗಿಂತ ಸ್ವಲ್ಪ ಜಾಸ್ತಿಯಿತ್ತು. "ಹಾಗೇ ಹೊದಿಸ್ರೇ. ಎಮ್ಮೆ ತೆಗೀರಿ."

ಚಿಕ್ಕವಳು ಒಂದು ಕಡೆಯ ಟೇಪು ಕಿತ್ತೇಬಿಟ್ಟಳು. ದೊಡ್ಡವಳು, "ತಡಿ, ಸೂಜಿ ಎಣಿಸ್ತೀನಿ," ಎಂದಳು.

ಇದು ಅಮ್ಮನದೇ ಕಾನೂನು. ಅಂಗಡಿಯಲ್ಲಿ ಒಮ್ಮೆ ಗಿರಾಕಿಯೊಬ್ಬ ಹೊಸ ಕೋಟಿಗೆ ತೋಳು ತೂರಿಸಿ ಕೂಗಿಕೊಂಡಿದ್ದ. ಮೊಣಕೈಯಲ್ಲಿ ಮುರಿದ ಸೂಜಿಯನ್ನು ಆಸ್ಪತ್ರೆಯಲ್ಲಿ ತೆಗೆಸಬೇಕಾಯಿತು. ಅಂದಿನಿಂದ ಸೂಜಿಗಳನ್ನು ಎಣಿಸಿ ತೆಗೆಯಬೇಕು, ಎಣಿಸಿ ಇಡಬೇಕು. ಲೆಕ್ಕ ಸರಿಹೋಗದೆ ಬಟ್ಟೆ ಅಂಗಡಿ ದಾಟುವಂತಿಲ್ಲ. ಮಕ್ಕಳಿಬ್ಬರೂ ಒಂದು ಎರಡು ಕಲಿತದ್ದೇ ಸೂಜಿ ಎಣಿಸಿ.

"ಹನ್ನೆರಡು," ಎಂದಳು ದೊಡ್ಡವಳು. "ನಾನು ತಂದಿದ್ದು ಆರು. ನಿಂದೆಷ್ಟು?"

ಚಿಕ್ಕವಳು ಇನ್ನೊಂದು ಕಡೆಯ ಟೇಪಿಗೆ ಉಗುರು ಹಾಕಿದಳು.

"ನಿಂದೆಷ್ಟೇ?"

"ಆರೋ ಏಳೋ."

"ಆರೋ ಏಳೋ ಅಂದ್ರೆ?"

"ಡಬ್ಬಿಲಿದ್ದಷ್ಟು ತಂದಿಟ್ಟೆ. ನಮ್ಮತ್ತೆ ಮನೇಲಿ ಯಾರು ಎಣಿಸ್ತಿದ್ರು? ಆರು ಅಂದ್ಕೋ. ಆರೇ ಇರತ್ತೆ. ಹೊದಿಸೋಣ ಅಕ್ಕ."

"ಏಳಿದ್ರೆ? ಒಂದು ಹತ್ತಿಯೊಳಗಿದ್ರೆ? ನರ್ಸಮ್ಮ ಬಳೆ ತಗುಲಿದ್ರೂ ರಕ್ತ ಅಂದಿದಾಳೆ. ಅಮ್ಮನಿಗೇ ಹೊದಿಸ್ತೀಯಾ ಅದನ್ನ, ಆರೋ ಏಳೋ ಅಂತ?"

"ಅವಳು ಕೇಳ್ತಿದಾಳಲ್ಲೇ!"

"ಕೇಳ್ತಿದಾಳೆ ಅಂತ ಚುಚ್ಚೋಕಾಗತ್ತಾ?"

ಅಮ್ಮನನ್ನೇ ಕೇಳಿದರು. "ಅಮ್ಮಾ, ಒಂದು ಸೂಜಿ ಕಡಿಮೆ ಬಂದಿದೆ. ನೋಡಿದ್ಯಾ?" ಅಮ್ಮ ತುಟಿ ಆಡಿಸಿದಳು. "ಚಳಿ," ಎಂದು ಕೇಳಿಸಿತು. ಕಂಬಳಿಯನ್ನು ಗಲ್ಲದವರೆಗೆ ಎಳೆದು ಹೊದಿಸಿದರು.

ಬುಧವಾರ ರಾತ್ರಿ ದೀಪದ ಬೆಳಕಿನಲ್ಲಿ ಕಣ್ಣು ಸೋಲುವವರೆಗೆ ಹುಡುಕಿದರು. ಗುರುವಾರ ಬೆಳಿಗ್ಗೆ ಮತ್ತೆ ಕೂತರು. ಕೌದಿಯನ್ನು ಅಂಗೈಯಲ್ಲಿ ಗೇಣುಗೇಣಾಗಿ ಒತ್ತಿ ನೋಡಿದರು. ಇನ್ಸ್‌ಪೆಕ್ಟರು ಎಲ್ಲಿಂದಲೋ ಒಂದು ಅಯಸ್ಕಾಂತ ತಂದು, ಕೆಟ್ಟ ತಕ್ಕಡಿ ಹಿಡಿಯಲು ಹೋದವರ ಶ್ರದ್ಧೆಯಿಂದ ನೆಲವೆಲ್ಲ ಆಡಿಸಿದರು. ಎರಡು ಗುಂಡುಪಿನ್ನು, ಒಂದು ಬೀಗದ ಕೈ ಸಿಕ್ಕವು. ಮಧ್ಯಾಹ್ನ ದೊಡ್ಡವಳು ಕೌದಿಯ ಒಂದು ಮಗ್ಗುಲಿನ ಕಚ್ಚಾ ಹೊಲಿಗೆ ಬಿಚ್ಚಿ ಹತ್ತಿಯನ್ನು ಬೆರಳಿನಿಂದ ಕೆದಕತೊಡಗಿದಳು. ಚಿಕ್ಕವಳು ಅವಳ ಕೈ ಹಿಡಿದಳು.

"ಬಿಚ್ಚಬೇಡ್ವೇ. ದಮ್ಮಯ್ಯ. ಅರ್ಧಾನಾದ್ರೂ ಹೊದಿಸೋಣ."

"ಲೆಕ್ಕ ಸಿಗ್ಲಿ."

"ನಿನ್ನ ಲೆಕ್ಕಕ್ಕೆ ಬೆಂಕಿ ಹಾಕ!"

"ನೀನು ಎಣಿಸಿ ತಂದಿದ್ರೆ ನನ್ನ ಲೆಕ್ಕ ಯಾಕೆ ಬೇಕಿತ್ತು?"

ದೊಡ್ಡವಳು ಬಿಚ್ಚುತ್ತಲೇ ಹೋದಳು. ನಾಲ್ಕು ಗಂಟೆಗೆ ಎರಡು ಮಗ್ಗುಲು ಬಿಚ್ಚಿದ್ದವು, ಸೂಜಿ ಸಿಕ್ಕಿರಲಿಲ್ಲ. ನರ್ಸಮ್ಮ ಬಂದು, ಚಪ್ಪಲಿ ಬಿಟ್ಟು, ಬಟ್ಟೆ ತುಳಿಯದ ಹಾಗೆ ಗೋಡೆ ಹಿಡಿದು ಮಂಚದ ಬಳಿ ಹೋಗಿ, ಅಮ್ಮನ ಮಣಿಕಟ್ಟು ಹಿಡಿದಳು. ಹಿಡಿದೇ ಇದ್ದಳು. ಆಮೇಲೆ ಕೈಯನ್ನು ಮೆಲ್ಲನೆ ಇಳಿಸಿ, ಗಡಿಯಾರ ನೋಡಿದಳು.

ಅಕ್ಕತಂಗಿಯರು ನೆಲದ ಮೇಲೆ ಮಂಡಿಯೂರಿಕೊಂಡೇ ಇದ್ದರು.

ಸ್ವಲ್ಪ ಹೊತ್ತಿನ ಮೇಲೆ ಮೈ ಒರೆಸಬೇಕೆಂದು ನರ್ಸಮ್ಮ ಕಂಬಳಿ ತೆಗೆಯಲು ಹೋದಳು. ಅದು ಬರಲಿಲ್ಲ. ಇನ್ನಷ್ಟು ಎಳೆದಾಗ ಬೆಡ್‌ಶೀಟೂ ಜೊತೆಗೇ ಎದ್ದು ಬಂತು. ಮಂಚವನ್ನು ಗೋಡೆಯಿಂದ ಈಚೆಗೆ ಸರಿಸಿ ನೋಡಿದರು. ಗೋಡೆಯ ಬದಿಯಲ್ಲಿ, ಮಲಗಿದವಳ ಬಲಗೈ ಎಟುಕುವ ಜಾಗದಲ್ಲಿ, ಕಂಬಳಿಯನ್ನೂ ಬೆಡ್‌ಶೀಟನ್ನೂ ಸೇರಿಸಿ ಬಿಳಿ ದಾರದಲ್ಲಿ ಹೊಲಿದಿತ್ತು. ಉದ್ದುದ್ದ ಕಚ್ಚಾ ಹೊಲಿಗೆ. ಮೊದಲಿನವು ಅಳತೆಗೋಲಿಟ್ಟು ಹಾಕಿದ ಹಾಗೆ ಒಂದೇ ಸಮ. ಆಮೇಲೆ ಒಂದು ಉದ್ದ, ಒಂದು ಗಿಡ್ಡ. ಕೊನೆಯವು ಎತ್ತಲೋ ಹೋಗಿದ್ದವು. ಗಂಟು ಹಾಕಿರಲಿಲ್ಲ. ಸೂಜಿ ಬಟ್ಟೆಯಲ್ಲೇ ಅರ್ಧ ಇಳಿದು ನಿಂತಿತ್ತು.

ದೊಡ್ಡವಳು ಅದನ್ನು ಎಳೆದು ತೆಗೆದಳು. ಡಬ್ಬಿ ತೆರೆದು ಒಳಗಿಟ್ಟಳು. ಮುಚ್ಚಳ ಹಾಕುವ ಮುಂಚೆ ಬೆರಳಿನಿಂದ ಒಂದೊಂದಾಗಿ ಸರಿಸಿ ಎಣಿಸಿದಳು.

"ಹದಿಮೂರು," ಎಂದಳು. "ಏಳೇ ಇದ್ವು ನಿನ್ನವು."

ಚಿಕ್ಕವಳು ಗೋಡೆಯ ಬಳಿ ನಿಂತಿದ್ದ ಇನ್ಸ್‌ಪೆಕ್ಟರ ಕಡೆ ತಿರುಗಿದಳು. "ಭಾವ," ಎಂದಳು, "ಅವಳಿಗೆ ಹೊರಗೆ ಹೋಗೋಕೆ ಹೇಳಿ."

ಮಂಚವನ್ನು ಶುಕ್ರವಾರ ಬಾಡಿಗೆ ಅಂಗಡಿಯವರು ತೆಗೆದುಕೊಂಡು ಹೋದರು. ಕೌದಿಯ ಮಿಕ್ಕ ದಾರವನ್ನು ಯಾರು ಬಿಚ್ಚಿದರೆಂದು ಇಬ್ಬರೂ ಹೇಳುವುದಿಲ್ಲ. ಮೇಲ್ಪದರ ಈಗ ದೊಡ್ಡವಳ ಮನೆಯ ಬೀರುವಿನಲ್ಲಿದೆ, ಅಡಿಬಟ್ಟೆ ಚಿಕ್ಕವಳ ಮನೆಯಲ್ಲಿದೆ. ನಡುವಿನ ಹತ್ತಿಯಿಂದ ಇನ್ಸ್‌ಪೆಕ್ಟರು ತಮ್ಮ ಕುರ್ಚಿಗೊಂದು ದಿಂಬು ಮಾಡಿಸಿಕೊಂಡಿದ್ದಾರೆ.